ಐದರಲ್ಲಿ ಒಂದು ಹೋದರೆ

ನಾನಿಲ್ಲದಿದ್ದರೆ ಆಫೀಸು ನಿಂತೇಹೋಗುತ್ತದೆ ಎಂದು ನಂಬಿ ಬದುಕುವ ಜನರ ಗುಂಪಿಗೆ ನಾನೂ ಸೇರಿದವನು. ಈ ನಂಬಿಕೆಗೆ ಆಧಾರವೇನೂ ಬೇಕಾಗಿಲ್ಲ. ಯಾರದೋ ಮದುವೆಗೆಂದು ನಾಲ್ಕು ದಿನ ರಜೆ ಹಾಕಿ ಮರಳಿ ಬಂದಾಗ ಎಲ್ಲ ಸುಸೂತ್ರವಾಗಿ ನಡೆದಿರುವುದನ್ನು ಕಂಡರೆ ನನಗೆ ಸಂತೋಷವಾಗುವ ಬದಲು ಕಸಿವಿಸಿಯಾಗುತ್ತದೆ. ತೊಂದರೆ ಏನೂ ಆಗಲಿಲ್ಲವೇ ಎಂದು ಎರಡೆರಡು ಸಲ ಕೇಳುತ್ತೇನೆ. ಆಗಲಿಲ್ಲವೆಂದರೆ, ಎಲ್ಲೋ ಆಗಿರಬೇಕು, ಇವರಿಗಿನ್ನೂ ತಿಳಿದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಒಬ್ಬ ಮನುಷ್ಯ ಹೋದ ಮೇಲೂ ಏನೂ ನಿಲ್ಲದಿರುವುದು ಎಷ್ಟು ದುಃಖದ ಸಂಗತಿ ಎಂಬುದು ನನಗೆ ತಿಳಿದದ್ದು ಒಂದು ಯಂತ್ರದ ದೆಸೆಯಿಂದ.

ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ನಾನು ಮುಖ್ಯಸ್ಥ. ಮುಖ್ಯಸ್ಥನೆಂದರೆ ದೊಡ್ಡ ಕಲ್ಪನೆ ಬೇಡ, ನನ್ನನ್ನೂ ಸೇರಿಸಿ ನಾಲ್ಕೇ ಜನ. ದಿನವೂ ಜಮಖಂಡಿಯಿಂದ ಬಸ್ಸಿನಲ್ಲಿ ನಿಂತು ಬರುವ ನಾನು, ತೇರದಾಳದ ಗಿರಮಲ್ಲ, ಮುಧೋಳದವನೇ ಆದ ದಸ್ತಗೀರ, ರನ್ನ ಬೆಳಗಲಿಯ ಶ್ರೀಶೈಲ. ಇಡೀ ಕಾರ್ಖಾನೆಯಲ್ಲಿ ಏ.ಸಿ. ಇದ್ದದ್ದು ನಮ್ಮ ಖೋಲಿಗೊಂದೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂಬ ನಿಯಮವಿದ್ದದ್ದೂ ನಮ್ಮ ಖೋಲಿಗೊಂದೇ. ಹೀಗಾಗಿ ಜನ ಅದನ್ನು ದೇವರ ಖೋಲಿ ಎಂದು ಕರೆಯುತ್ತಿದ್ದರು. ಬೇಸಿಗೆ ಬಂತೆಂದರೆ ಭಕ್ತರು ಹೆಚ್ಚಾಗುತ್ತಿದ್ದರು.

ಆ ಖೋಲಿಯ ದೇವರೆಂದರೆ ಸರ್ವರ್. ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆ. ಅದರ ಮುಂಭಾಗದಲ್ಲಿ ಸಾಲಾಗಿ ಐದು ಡಿಸ್ಕು, ಒಂದೊಂದಕ್ಕೂ ಒಂದೊಂದು ಸಣ್ಣ ಹಸಿರು ದೀಪ. ಅದನ್ನು ತಂದು ಕೂರಿಸಿದ ಹುಬ್ಬಳ್ಳಿಯ ಎಂಜಿನಿಯರು, ಈ ಐದರಲ್ಲಿ ಯಾವುದೇ ಒಂದು ಸತ್ತರೂ ಚಿಂತೆಯಿಲ್ಲ, ಒಂದಕ್ಷರವೂ ಕಳೆಯುವುದಿಲ್ಲ ಎಂದು ಹೇಳಿದ. ಅದು ಹೇಗೆಂದು ನಾನು ಕೇಳಿದೆ. ನಾಲ್ಕು ಅಂಕಿ ಬರೆದು ಅವುಗಳ ಮೊತ್ತವನ್ನು ಐದನೆಯ ಕಡೆ ಬರೆದಿಡಿ, ಅವುಗಳಲ್ಲಿ ಒಂದು ಅಳಿಸಿಹೋದರೆ ಉಳಿದವನ್ನು ನೋಡಿ ಅದು ಏನಿತ್ತೆಂದು ಹೇಳಬಹುದಲ್ಲವೇ, ಇದೂ ಹಾಗೆಯೇ ಎಂದ. ಎರಡು ಅಳಿಸಿಹೋದರೆ? ಆಗ ದೇವರೇ ಗತಿ ಎಂದು ನಕ್ಕ.

ಅವನು ಹೇಳಿದ್ದು ನನಗೆ ಹೊಸ ವಿದ್ಯೆ ಅನಿಸಲಿಲ್ಲ. ನಮ್ಮ ಅಜ್ಜ ಜಮಖಂಡಿಯಲ್ಲಿ ವೇದ ಹೇಳಿಕೊಂಡಿದ್ದವರು. ಅವರು ಒಂದು ಮಂತ್ರವನ್ನು ಬರೀ ನೆಟ್ಟಗೆ ಹೇಳಿ ಬಿಡುತ್ತಿರಲಿಲ್ಲ. ಎರಡೆರಡು ಪದ ಜೋಡಿಸಿ, ತಿರುವಿ, ಮತ್ತೆ ಮೊದಲಿಂದ ಹೆಣೆದು ಹೇಳುತ್ತಿದ್ದರು. ಅದಕ್ಕೆ ಜಟಾಪಾಠ, ಘನಪಾಠ ಎಂದೆಲ್ಲ ಹೆಸರು. ಒಂದು ಪದ ಮರೆತರೆ ಅದರ ಅಕ್ಕಪಕ್ಕದ ಪದಗಳೇ ಅದನ್ನು ಎಳೆದು ತರಬೇಕು. ಒಬ್ಬನಿಗೆ ಮರೆತರೆ ಪಂಕ್ತಿಯಲ್ಲಿ ಕೂತ ಉಳಿದವರು ಎತ್ತಿಕೊಡಬೇಕು. ಹೀಗೆ ಕಾಗದದ ಹಂಗಿಲ್ಲದೆ ಸಾವಿರಾರು ವರ್ಷ ಕಾಪಾಡಿದ ವಂಶದಲ್ಲಿ ಹುಟ್ಟಿದ ನನಗೆ ಸಂಧ್ಯಾವಂದನೆ ಅರ್ಧಕ್ಕಿಂತ ಮುಂದೆ ಬರುವುದಿಲ್ಲ. ಅದನ್ನು ಎಂಜಿನಿಯರಿಗೆ ಹೇಳಲು ಹೋಗಲಿಲ್ಲ.

ಮಹಾನವಮಿಗೆ ನಮ್ಮ ಕಡೆ ಖಂಡೇಪೂಜೆ. ಕಾರ್ಖಾನೆಯಲ್ಲಿ ಗಾಣದಿಂದ ಹಿಡಿದು ಲಾರಿಯ ಜಾಕಿನವರೆಗೆ ಎಲ್ಲಕ್ಕೂ ಪೂಜೆ ಆಗುತ್ತದೆ. ನಮ್ಮ ಖೋಲಿಯ ಪೂಜೆ ಶ್ರೀಶೈಲನ ಪಾಲಿನದು. ಮಾತು ಕಡಿಮೆ, ಶಿಸ್ತು ಜಾಸ್ತಿ ಅವನಿಗೆ. ಐದೂ ಡಿಸ್ಕಿಗೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ದೀಪಗಳ ಸಾಲಿನ ಮೇಲೆ ಚೆಂಡುಹೂವಿನ ಮಾಲೆ ಇಳಿಬಿಟ್ಟ. ಯಂತ್ರದೊಳಗೆ ಬೂದಿ ಹೋದೀತೆಂದು ನಾನು ತಕರಾರು ತೆಗೆದೆ. ಅವನು ಕೇಳಿಸಿಕೊಂಡ, ನಕ್ಕ, ಊದಿನಕಡ್ಡಿ ಮಾತ್ರ ಖೋಲಿಯ ಹೊರಗೆ ಹಚ್ಚಿದ.

ದೀಪಾವಳಿಯ ಮುಂದಿನ ವಾರ ಶ್ರೀಶೈಲ ಸತ್ತ. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಕುರ್ಚಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡ. ಕಾರ್ಖಾನೆಯ ಜೀಪಿನಲ್ಲಿ ಹಾಕಿಕೊಂಡು ಹೊರಟೆವು, ಮುಧೋಳ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ನಲವತ್ತು ಇನ್ನೂ ತುಂಬಿರಲಿಲ್ಲ. ಮಣ್ಣು ಮುಗಿಸಿ ಬಂದ ಮರುದಿನವೇ ಅವನ ಕೆಲಸವನ್ನು ಮೂವರೂ ಹಂಚಿಕೊಂಡೆವು. ಕಬ್ಬು ನುರಿಸುವ ಹಂಗಾಮು, ಗೇಟಿನ ಹೊರಗೆ ಗಾಡಿಗಳ ಸಾಲು. ಮೂರನೆಯ ವಾರದ ಹೊತ್ತಿಗೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಒಂದು ವರದಿಯೂ ತಡವಾಗಿರಲಿಲ್ಲ. ಶ್ರೀಶೈಲ ಇಲ್ಲವೆಂಬುದು ಯಾವ ಕಾಗದದಲ್ಲೂ ಕಾಣುತ್ತಿರಲಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ಅವನು ಹಾಕಿದ ಮಾಲೆ ಮಾತ್ರ ಹಾಗೇ ಇತ್ತು. ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೂ ಅದನ್ನು ತೆಗೆಯಲು ಯಾರಿಗೂ ಕೈ ಬರಲಿಲ್ಲ. ಕಸ ಗುಡಿಸುವ ಹೆಣ್ಣುಮಗಳು ಕೂಡ ಅದರ ಸುತ್ತ ಗುಡಿಸಿಕೊಂಡು ಹೋಗುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಅನುಕಂಪದ ಆಧಾರದ ಮೇಲೆ ಶ್ರೀಶೈಲನ ಹೆಂಡತಿ ಮಹಾದೇವಿಯನ್ನು ನಮ್ಮ ವಿಭಾಗಕ್ಕೇ ತೆಗೆದುಕೊಂಡರು. ಬೀಳಗಿಯ ಕಡೆಯವರು, ಮೆಟ್ರಿಕ್ ಪಾಸಾದವರು. ಗೆಳೆಯನ ಹೆಂಡತಿ ಅತ್ತಿಗೆಯ ಸಮಾನವೆಂದು ನಾವು ವೈನಿ ಎಂದೆವು, ಅವರು ನಮ್ಮನ್ನು ಅಣ್ಣಾರ ಎಂದರು. ಗಂಡನ ಕುರ್ಚಿಯಲ್ಲೇ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಟೈಪು ಮಾಡುವುದನ್ನು ಕಲಿತರು. ಅವನ ಕೆಲಸ ಗೊತ್ತಿದ್ದವರು ನಾವು ಮೂವರೇ ಆದ್ದರಿಂದ ಒಬ್ಬೊಬ್ಬರು ಒಂದಿಷ್ಟು ಹೇಳಿಕೊಟ್ಟೆವು. ಮೊದಲಿಗೆ ಅವರಿಗೆ ಬೇಕಾದದ್ದು ಕೆಲಸ ಎಂದೇ ನಾವೆಲ್ಲ ತಿಳಿದಿದ್ದೆವು.

ಅವರಿಗೆ ಬೇಕಾದದ್ದು ಬೇರೆ ಇತ್ತು. ಶ್ರೀಶೈಲ ಸತ್ತ ದಿನ ಬೆಳಿಗ್ಗೆ ಗಂಡ ಹೆಂಡಿರಿಗೆ ಜಗಳವಾಗಿತ್ತು. ಬಸುರಿ ತಂಗಿಯ ಕುಬಸಕ್ಕೆ ತವರಿಗೆ ಹೋಗುವ ಮಾತು ಅಷ್ಟೇ, ದೊಡ್ಡದಲ್ಲ. ಅವನು ಉಣ್ಣದೆ, ಬುತ್ತಿಯನ್ನೂ ಬಿಟ್ಟು ಸೈಕಲ್ ಹತ್ತಿ ಬಂದಿದ್ದ. ಗಂಡ ಸಿಟ್ಟಿನಲ್ಲೇ ಹೋದನೇ, ಸಿಟ್ಟು ಇಳಿದ ಮೇಲೆ ಹೋದನೇ ಎಂಬುದು ವೈನಿಗೆ ತಿಳಿಯಬೇಕಾಗಿತ್ತು. ನೆಟ್ಟಗೆ ಕೇಳಲಿಲ್ಲ. ಕೆಲಸ ಕಲಿಯುತ್ತ ಕಲಿಯುತ್ತ, ಆ ದಿನ ಯಾರು ಏನು ಕಂಡರೆಂದು ಒಬ್ಬೊಬ್ಬರಿಂದ ಆರಿಸಿಕೊಂಡರು. ಗಿರಮಲ್ಲ ತನ್ನ ಬುತ್ತಿಯ ರೊಟ್ಟಿ ಕೊಡಲು ಹೋದರೆ ಅವನು ಬೇಡವೆಂದದ್ದನ್ನು ಹೇಳಿದ. ದಸ್ತಗೀರ, ಅವನು ಮೇಲಿಂದ ಮೇಲೆ ಗಡಿಯಾರ ನೋಡುತ್ತಿದ್ದುದನ್ನು, ಯಾರ ಸಂಗಡವೂ ಮಾತಾಡದಿದ್ದುದನ್ನು ಹೇಳಿದ. ಈ ಎರಡನ್ನೂ ಕೂಡಿಸಿ ವೈನಿ ಉತ್ತರ ತೆಗೆದರು. ಒಂದು ದಿನ ಯಾರಿಗೆಂದಿಲ್ಲದೆ, "ಸಿಟ್ಟಿನ್ಯಾಗ ಹೋದ್ರು" ಎಂದು ಹೇಳಿ ಮುಖ ತಿರುಗಿಸಿದರು.

ಆ ಉತ್ತರ ತಪ್ಪು. ತಪ್ಪೆಂದು ಗೊತ್ತಿದ್ದವನು ನಾನೊಬ್ಬನೇ. ಆ ದಿನ ಹನ್ನೆರಡು ಗಂಟೆಗೆ ಶ್ರೀಶೈಲ ನನ್ನ ಮೇಜಿನ ಹತ್ತಿರ ಬಂದು, ಮನೆಗೆ ಹೋಗಬೇಕು, ಅರ್ಧ ದಿನ ರಜೆ ಕೊಡಿ ಎಂದು ಕೇಳಿದ್ದ. ಯಾಕೆಂದೂ ಹೇಳಿದ್ದ. ನಾನು ತಿಂಗಳ ವರದಿಯ ನೆಪ ಹೇಳಿ, ನಾಳೆ ನೋಡೋಣ ಎಂದಿದ್ದೆ. ಅವನು ಆಯಿತೆಂದು ಹೋಗಿ ಕುರ್ಚಿಯಲ್ಲಿ ಕೂತ. ಆ ವರದಿ ಒಂದು ದಿನ ತಡವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಅವನ ಮಾತನ್ನು ವೈನಿಗೆ ಹೇಳಬೇಕಾದರೆ ನನ್ನ ಮಾತನ್ನೂ ಹೇಳಬೇಕಿತ್ತು, ಅದಕ್ಕೇ ಸುಮ್ಮನಿದ್ದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ನನಗೂ ಗೊತ್ತು. ಒಂದಿಲ್ಲೊಂದು ದಿನ ನನ್ನನ್ನೂ ಕೇಳುತ್ತಾರೆಂದು ಹೆದರಿಕೊಂಡೇ ಇದ್ದೆ. ವೈನಿ ನನ್ನ ಕಡೆ ತಿರುಗಿದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡು ನೋಡುತ್ತಿದ್ದೆ. ಅವರು ಕೇಳಿದ್ದು ಪ್ರಿಂಟರಿನ ಕಾಗದ ಎಲ್ಲಿದೆ ಎಂದಿರುತ್ತಿತ್ತು.

ಇಂಥದರಲ್ಲಿ ಫೆಬ್ರುವರಿಯ ಕೊನೆಗೆ ಹುಬ್ಬಳ್ಳಿಯ ಎಂಜಿನಿಯರು ಯಂತ್ರ ನೋಡಲು ಬಂದ. ಮಾಲೆಯನ್ನು ಸರಿಸಿ ಎಂದ. ನಾವು ಮುಖ ಮುಖ ನೋಡಿಕೊಂಡೆವು. ಕಡೆಗೆ ವೈನಿ ಎದ್ದು ಬಂದು, ಅದು ಯಾರು ಹಾಕಿದ್ದೆಂದು ಗೊತ್ತಿದ್ದರಿಂದಲೇ, ಉದುರದ ಹಾಗೆ ಎರಡೂ ಕೈಯಿಂದ ಎತ್ತಿ ಸೆರಗಿನಲ್ಲಿ ಹಾಕಿಕೊಂಡರು. ಮಾಲೆಯ ಹಿಂದೆ ನಾಲ್ಕು ದೀಪ ಹಸಿರಾಗಿದ್ದವು. ಎಡದಿಂದ ಮೂರನೆಯದು ಕೆಂಪಾಗಿತ್ತು.

ಎಂಜಿನಿಯರು ಗಾಬರಿಯಿಂದ ಯಂತ್ರದ ದಾಖಲೆ ತೆಗೆದು ನೋಡಿದ. ಡಿಸ್ಕು ಸತ್ತು ತಿಂಗಳುಗಳೇ ಆಗಿವೆ, ಇನ್ನೊಂದು ಹೋಗಿದ್ದರೆ ಇಡೀ ಹಂಗಾಮಿನ ಲೆಕ್ಕ ಮಣ್ಣುಪಾಲಾಗುತ್ತಿತ್ತು, ಕೂಗುವ ಗಂಟೆ ಏನಾಯಿತು ಎಂದು ಕೇಳಿದ. ಕರೆಂಟು ಹೋಗಿ ಬಂದಾಗಲೆಲ್ಲ ಅದು ಕೂಗುತ್ತದೆಂದು ನಾನೇ ಹಿಂದಿನ ವರ್ಷ ಅದರ ಬಾಯಿ ಮುಚ್ಚಿಸಿದ್ದೆ. ನಾಲ್ಕು ಡಿಸ್ಕು ಐದರ ಭಾರ ಹೊತ್ತುಕೊಂಡು ದಿನವೂ ಸರಿಯಾದ ವರದಿ ಕೊಡುತ್ತಿದ್ದವು. ಕೆಲಸ ನಡೆಯುತ್ತಿದ್ದರೆ ಯಾರು ತಾನೇ ದೀಪ ನೋಡುತ್ತಾರೆ?

ಹೊಸ ಡಿಸ್ಕು ಬಂದ ಮೇಲೆ, ಕಾರ್ಖಾನೆ ತೊಳೆಯಲೆಂದು ಗಾಣ ನಿಲ್ಲಿಸಿದ ದಿನ ಬದಲಾಯಿಸುವುದೆಂದಾಯಿತು. ಎಂಜಿನಿಯರು ನನ್ನ ಕೈಯಲ್ಲೇ ಮಾಡಿಸಲು ಹೊರಟ. ತಪ್ಪಿ ಒಳ್ಳೆಯ ಡಿಸ್ಕು ಎಳೆದರೆ ಎಲ್ಲ ಹೋಗುತ್ತದೆ ಎಂದು ಅವನು ಮೊದಲೇ ಹೇಳಿದ್ದರಿಂದ ನಾನು ಹಿಂದೆ ಸರಿದೆ. ವೈನಿ ಮುಂದೆ ಬಂದರು. ಕೆಂಪು ದೀಪದ ಮೇಲೆ ಬೆರಳಿಟ್ಟು, "ಇದಾ ಹೌದಲ್ರಿ?" ಎಂದು ಎರಡು ಸಲ ಕೇಳಿ, ಹಿಡಿಕೆ ಬಿಚ್ಚಿ ಡಿಸ್ಕು ಎಳೆದರು. ಅದರ ಮೈಮೇಲೆ ವಿಭೂತಿಯ ಮೂರು ಗೆರೆ ಇನ್ನೂ ಇತ್ತು. ಹೊಸದನ್ನು ತಳ್ಳಿದಾಗ ಅದರ ದೀಪ ಮಿಣುಕತೊಡಗಿತು, ಅದರ ಜೊತೆಗೆ ಉಳಿದ ನಾಲ್ಕೂ.

ಇನ್ನು ಐದಾರು ತಾಸು ಹೀಗೇ ಇರುತ್ತದೆಂದು ಎಂಜಿನಿಯರು ಹೇಳಿದ. ಸತ್ತದ್ದರಲ್ಲಿ ಏನಿತ್ತೋ ಅದನ್ನು ನಾಲ್ಕೂ ಕೂಡಿ ಹೊಸದಕ್ಕೆ ಬರೆದುಕೊಡುತ್ತಿವೆ, ನಾಲ್ಕರಲ್ಲಿ ಒಂದು ತನ್ನ ಪಾಲು ಕೊಡದಿದ್ದರೆ ಬರೆದದ್ದಕ್ಕೆ ಅರ್ಥವಿಲ್ಲ ಎಂದ. ಹೇಳಿ, ಗಿರಮಲ್ಲ ದಸ್ತಗೀರರನ್ನು ಕರೆದುಕೊಂಡು ಚಹಾಕ್ಕೆ ಹೋದ. ಅವನು ಹೇಳಿದ್ದು ಯಂತ್ರದ ಮಾತು. ನಾನು ಮಾತ್ರ ಚಹಾಕ್ಕೆ ಹೋಗದೆ ಉಳಿದೆ. ವೈನಿ ದೀಪಗಳನ್ನೇ ನೋಡುತ್ತ ಕೂತಿದ್ದರು. ಇವತ್ತು ಹೇಳದಿದ್ದರೆ ನಾನು ಇನ್ನೆಂದೂ ಹೇಳುವವನಲ್ಲ ಅನಿಸಿತು.

ಪೀಠಿಕೆಯೇನೂ ಹಾಕಲಿಲ್ಲ. "ವೈನಿ, ಆ ದಿನಾ ಶ್ರೀಶೈಲ ನನ್ನ ಕಡೆ ರಜಾ ಕೇಳಿದ್ದ, ನಾ ಕೊಡ್ಲಿಲ್ಲ" ಎಂದೆ. ಅವರು ತಿರುಗಿ ನೋಡಿದರು. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ.

"ಮುಂಜಾನಿ ಆಕಿ ಕೂಡ ಜಗಳಾ ಮಾಡಿ ಬಂದೇನ್ರಿ. ನಾ ಉಂಡಿಲ್ಲ, ಆಕಿನೂ ಉಂಡಿರಂಗಿಲ್ಲ. ಹೋಗಿ ಇಬ್ರೂ ಕೂಡಿ ಉಣತೀವ್ರಿ."

ವೈನಿ ಮತ್ತೆ ದೀಪಗಳ ಕಡೆ ತಿರುಗಿದರು. ಆಮೇಲೆ, "ಖರೇನ, ನಾ ಉಂಡಿದ್ದಿಲ್ಲ" ಎಂದರು. ಅತ್ತರು. ನಾನೂ ಅತ್ತೆ. ಕಣ್ಣೊರೆಸಿಕೊಂಡ ಮೇಲೆ ಅವರು ನನ್ನನ್ನು ನೆಟ್ಟಗೆ ನೋಡಿದರು.

"ಅದು ನನ್ನ ಮಾತಾಗಿತ್ರಿ ಅಣ್ಣಾರ. ಇಷ್ಟ ದಿನಾ ಯಾಕ ನಿಮ್ಮ ಕಡೆ ಇಟ್ಕೊಂಡ್ರಿ?"

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆ ಐದರ ಸುಮಾರಿಗೆ ಐದೂ ದೀಪ ಹಸಿರಾದವು. ಎಂಜಿನಿಯರು ನನ್ನ ಸಹಿ ತೆಗೆದುಕೊಂಡು ಹುಬ್ಬಳ್ಳಿಯ ಬಸ್ಸಿಗೆ ಓಡಿದ.

ಆಮೇಲೆ ನನಗೊಂದು ಹೊಸ ಚಟ ಅಂಟಿಕೊಂಡಿತು. ಸಾವಾದ ಮನೆಗೆ ಮಾತಾಡಿಸಲು ಹೋದಾಗ, ಧೈರ್ಯ ತಗೊಳ್ರಿ, ದೇವರ ಇಚ್ಛೆ ಎಂಬ ಮಾತುಗಳನ್ನು ನಾನು ಆಡುವುದಿಲ್ಲ. ಹೋದವರ ಬಗ್ಗೆ ನನ್ನ ಹತ್ತಿರ ಏನು ಉಳಿದಿದೆಯೋ ಅದನ್ನು ಹೇಳಿ ಬರುತ್ತೇನೆ. ಬಸ್ಸಿನಲ್ಲಿ ನನಗೆ ಜಾಗ ಹಿಡಿದು ಕೊಟ್ಟದ್ದು, ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ಸಕ್ಕರೆ ಕಾರ್ಖಾನೆಯಲ್ಲೇ ಜಗಳಾಡಿದ್ದು, ಇಂಥವೇ. ಅಳುವ ಮನೆಯಲ್ಲಿ ಇಷ್ಟು ಮಾತು ಒಳ್ಳೆಯದಲ್ಲವೆಂದು ನನ್ನ ಹೆಂಡತಿ ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ಗದರಿಸುತ್ತಾಳೆ. ಇರಬಹುದು. ಆದರೆ ಆ ಮನೆಯ ಜನ ನನ್ನನ್ನು ಬೇಗ ಏಳಗೊಡುವುದಿಲ್ಲ.

ವೈನಿಯ ನೌಕರಿ ಕಾಯಂ ಆಯಿತು. ಈಗ ಅವರ ಬೆರಳು ನನ್ನ ಬೆರಳಿಗಿಂತ ಚುರುಕು. ವರ್ಷದಲ್ಲಿ ಒಂದೆರಡು ಸಲ, ಖೋಲಿಯಲ್ಲಿ ಬೇರೆ ಯಾರೂ ಇಲ್ಲದಾಗ, ಕೆಲಸ ನಿಲ್ಲಿಸದೆಯೇ, "ಅವರು ಅಂದದ್ದು ಇನ್ನೊಮ್ಮೆ ಹೇಳ್ರಿ ಅಣ್ಣಾರ" ಎನ್ನುತ್ತಾರೆ. ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ಹೇಳುತ್ತೇನೆ. ಹೇಳಿ ಮುಗಿಸಿದಾಗಲೆಲ್ಲ "ಆತು, ಹೋಗಿ ಬಾರಪಾ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬರುತ್ತದೆ. ಅದು ಆ ದಿನ ಬರಬೇಕಾಗಿತ್ತು.