ಕಲ್ಲು ನೆಕ್ಕುವವರು

ನಾನು ಕಲ್ಲು ನೆಕ್ಕುತ್ತೇನೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಹೇಳಿದ ಮೇಲೆ ಎದುರಿನವರ ಮುಖ ನೋಡುವುದಿದೆಯಲ್ಲ, ಅದು ಕಷ್ಟ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದ ಮನುಷ್ಯ, ಮಣ್ಣು ಬಾಯಿಗಿಡಬೇಡ ಎಂದು ಮೊಮ್ಮಕ್ಕಳನ್ನು ಗದರಿಸಬೇಕಾದ ವಯಸ್ಸಿನಲ್ಲಿ, ಹೊಳೆದಂಡೆಯ ಕಲ್ಲನ್ನು ನಾಲಿಗೆಗೆ ತಾಗಿಸಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಾನೆಂದರೆ ಯಾರಾದರೂ ಏನಂದುಕೊಳ್ಳಬೇಕು? ನನ್ನ ಹೆಂಡತಿ ನನ್ನ ನೀರಿನ ತಂಬಿಗೆಯನ್ನು ಬೇರೆ ಮಾಡಿ ಎರಡು ವರ್ಷವಾಯಿತು.

ಆದರೆ ಇದು ಹುಚ್ಚಲ್ಲ, ಶಾಸ್ತ್ರ. ಸಾವಿರಾರು ವರ್ಷ ಮಣ್ಣಿನಲ್ಲಿ ಬಿದ್ದು ಕಲ್ಲಾದ ಎಲುಬಿಗೂ, ಹುಟ್ಟಿದಾಗಿನಿಂದ ಕಲ್ಲೇ ಆಗಿರುವ ಕಲ್ಲಿಗೂ ಕಣ್ಣಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಎಲುಬಿನಲ್ಲಿ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ನಾಲಿಗೆಗೆ ಮುಟ್ಟಿಸಿದರೆ ಪಸೆ ಹೀರಿಕೊಂಡು ಗಪ್ಪನೆ ಅಂಟಿಕೊಳ್ಳುತ್ತದೆ. ಕಲ್ಲು ಅಂಟುವುದಿಲ್ಲ. ನಾಲಿಗೆಗೆ ಎಲುಬಿಲ್ಲ ಎಂದು ಹಿರಿಯರು ಬೈಯುತ್ತಿದ್ದರು, ನೋಡಿದರೆ ಎಲುಬನ್ನು ಪತ್ತೆ ಹಚ್ಚುವ ಕೆಲಸ ಅದಕ್ಕೇ ಬಿದ್ದಿದೆ.

ನಮ್ಮದು ಏಳು ಜನರ ಬಳಗ. ಪಳೆಯುಳಿಕೆ ಹುಡುಕುವುದು ನಮ್ಮ ಹವ್ಯಾಸ, ಹುಬ್ಬಳ್ಳಿ-ಧಾರವಾಡ ನಮ್ಮ ಊರು, ಈ ಎರಡಕ್ಕೂ ಜನ್ಮದಲ್ಲಿ ಕೂಡಿಬರುವುದಿಲ್ಲ. ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡದ ಹೆಸರು ಹೊತ್ತ ಶಿಲೆಗಳೇ ಇವೆ, ಓದಿದಾಗ ಎದೆ ಉಬ್ಬುತ್ತದೆ. ಮುಂದಿನ ಸಾಲು ಓದಿದರೆ ಇಳಿಯುತ್ತದೆ. ಆ ಶಿಲೆಗಳು ಎಷ್ಟು ಹಳೆಯವೆಂದರೆ, ಅವು ಹುಟ್ಟಿದಾಗ ಜಗತ್ತಿನಲ್ಲಿ ಎಲುಬು ಎಂಬುದೇ ಇರಲಿಲ್ಲ. ಇಲ್ಲಿ ಕೂತು ಪಳೆಯುಳಿಕೆ ಹುಡುಕುವುದೆಂದರೆ ಬೋಳುತಲೆಯವರ ಓಣಿಯಲ್ಲಿ ಬಾಚಣಿಗೆ ಮಾರಿದ ಹಾಗೆ. ಅದಕ್ಕೇ ನಾವು ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ, ತಾರಿಹಾಳದಲ್ಲಿ ವರ್ಕ್‌ಶಾಪ್ ಇರುವ ಸದಸ್ಯರೊಬ್ಬರ ಟೆಂಪೋ ಹತ್ತಿ ಮಲಪ್ರಭೆಯ ದಂಡೆಗೆ ಹೋಗುತ್ತೇವೆ. ಅಲ್ಲಿನ ಗರಸಿನಲ್ಲಿ, ಅಂದರೆ ಜಲ್ಲಿಮಣ್ಣಿನಲ್ಲಿ, ಯಾವ ಕಾಲದ್ದೋ ಎತ್ತು, ಎಂದೋ ಸತ್ತ ಆನೆ, ಒಂದು ಚೂರಾದರೂ ಸಿಕ್ಕೀತೆಂಬ ಆಸೆ. ಸಿಗುವುದು ಬಹುತೇಕ ಸುಣ್ಣದ ಕಲ್ಲು.

ಬಳಗ ಕಟ್ಟಿದವರು ಪಾಟೀಲ ಮೇಡಂ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಸೇರಿದ ದಿನ ಅವರು ಪ್ರತಿಯೊಬ್ಬರಿಗೂ ಹಳೇ ಧೋತರದ ಒಂದೊಂದು ತುಂಡು ಕೊಟ್ಟು ಒಂದೇ ಒಂದು ಪಾಠ ಹೇಳಿದರು: "ಮೊದಲ ಒರಸ್ರಿ, ಆಮ್ಯಾಲ ಮಾತಾಡ್ರಿ." ಹೊಳೆಯ ಸುಣ್ಣ ಹತ್ತಿದರೆ ಎಲ್ಲವೂ ಒಂದೇ ಥರ ಬೆಳ್ಳಗೆ ಕಾಣುತ್ತದೆ. ಒರೆಸಿದರೆ ಹೋಗುವುದು ಸುಣ್ಣ, ಹೋಗದೆ ಉಳಿಯುವುದು ನಿಜವಾದ ಬಣ್ಣ. ಆ ತುಂಡು ಬಟ್ಟೆ ಅಂದಿನಿಂದ ನನ್ನ ಅಂಗಿಯ ಜೇಬಿನಲ್ಲೇ ಇದೆ.

ನಾಲಿಗೆಯ ವಿಷಯದಲ್ಲಿ ನಾನು ದಡ್ಡ. ಒಮ್ಮೆ ಒಂದು ಚೂರು ಬಿಗಿಯಾಗಿ ಅಂಟಿಕೊಂಡಿತೆಂದು, ಆನೆಯ ಪಕ್ಕೆಲುಬೇ ಸಿಕ್ಕಿತೆಂದು ದಂಡೆಯ ತುಂಬ ಕೂಗಿದ್ದೆ. ಯಾರದೋ ಮನೆಯ ಮಂಗಳೂರು ಹೆಂಚಿನ ತುಂಡು ಅದು. ಸುಟ್ಟ ಮಣ್ಣೂ ನಾಲಿಗೆಗೆ ಅಂಟುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಬಳಗದ ನಾಲಿಗೆ ಎಂದರೆ ಮಲ್ಲಣ್ಣನದು. ಹುಬ್ಬಳ್ಳಿಯ ಕಾಳಿನ ವ್ಯಾಪಾರಿ. ಜೋಳ ಹಲ್ಲಿಗಿಟ್ಟು ಹಸಿಯೋ ಒಣಗಿದ್ದೋ ಹೇಳುತ್ತಿದ್ದ, ಶೇಂಗಾ ನಾಲಿಗೆಗೆ ತಾಗಿಸಿ ಹೋದ ವರ್ಷದ್ದೆಂದು ಚೀಲಕ್ಕೆ ಚೀಲವನ್ನೇ ತಿರುಗಿಸಿ ಕಳಿಸುತ್ತಿದ್ದ. ಕಲ್ಲಿನ ವಿಷಯದಲ್ಲೂ ಒಮ್ಮೆಯೂ ತಪ್ಪಲಿಲ್ಲ. ನನಗೆ ಹೊಟ್ಟೆಕಿಚ್ಚಿತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೊಳೆಯಿಂದ ಬಂದ ಮೇಲೆ ಅವನ ಅಂಗಡಿಯ ಅಟ್ಟದಲ್ಲಿ ನಮ್ಮ ಪಂಚಾಯತಿ. ಸುದ್ದಿಪತ್ರಿಕೆ ಹಾಸಿ ಕಲ್ಲುಗಳನ್ನು ಸಾಲಾಗಿ ಇಡುತ್ತಿದ್ದೆವು. ಮಲ್ಲಣ್ಣ ದವಡೆಯಲ್ಲಿದ್ದ ತಂಬಾಕು ಉಗುಳಿ, ಮೂರು ಸಲ ಬಾಯಿ ಮುಕ್ಕಳಿಸಿ, ಕಿಟಕಿಯ ಬೆಳಕಿಗೆ ಕೂತು ನಾಲಿಗೆ ಚಾಚುತ್ತಿದ್ದ. ಆರು ಜನ ಸುತ್ತ ಬಗ್ಗಿ ಆ ನಾಲಿಗೆಯನ್ನೇ ನೋಡುತ್ತಿದ್ದೆವು. ಕಲ್ಲು ಅಂಟಿದರೆ ಕೈಬಿಟ್ಟು ತೋರಿಸುತ್ತಿದ್ದ, ಕಲ್ಲು ಅಲ್ಲೇ ತೂಗುತ್ತಿತ್ತು. ತಿಂಗಳಿಗೊಮ್ಮೆ ಹೀಗೆ ಆರು ಜೋಡಿ ಕಣ್ಣಿಗೆ ಬೀಳುವ ನಾಲಿಗೆ ಈ ಎರಡೂ ಊರುಗಳಲ್ಲಿ ಇನ್ನೊಂದಿರಲಿಕ್ಕಿಲ್ಲ.

ಮೂರು ವರ್ಷದ ಹಿಂದಿನ ಶ್ರಾವಣದಲ್ಲಿ ಆ ನಾಲಿಗೆಯ ಎಡ ಅಂಚಿನಲ್ಲಿ ಒಂದು ಬಿಳಿ ಕಲೆ ಕಂಡಿತು. ಅವರೆಕಾಳಿನಷ್ಟು. ಕಂಡದ್ದು ನನಗೇ ಮೊದಲು. ಮಕ್ಕಳಿಗೆ ಮೂವತ್ತು ವರ್ಷ "ಮೊದಲು ನೋಡು, ಆಮೇಲೆ ಬರಿ" ಎಂದು ಹೇಳಿ ಹೇಳಿ ಪಳಗಿದ ಕಣ್ಣು ನೋಡಿ, ಕಲೆ ತಪ್ಪಿಸಿಕೊಳ್ಳಲಿಲ್ಲ. ನಾನು ಏನು ಮಾಡಿದೆ? ಒಂದು ಚೇಷ್ಟೆ ಮಾಡಿದೆ.

"ಮಲ್ಲಣ್ಣಾ, ಹೊಳಿ ಸುಣ್ಣಾ ಎಲ್ಲಾ ನಿಮ್ಮ ನಾಲಿಗಿಗೇ ಹತ್ತೇತಿ ನೋಡ್ರಿ."

ಎಲ್ಲರೂ ನಕ್ಕರು, ಮೇಡಂ ಕೂಡ. ಎಲ್ಲರಿಗಿಂತ ಜೋರಾಗಿ ನಕ್ಕವನು ಮಲ್ಲಣ್ಣ. ನಗುವಾಗ ಅವನ ಬಾಯಿ ಪೂರ್ತಿ ತೆರೆದಿತ್ತು, ಬಿಳಿ ಇನ್ನೂ ಚೆನ್ನಾಗಿ ಕಂಡಿತು. ಭಾದ್ರಪದದಲ್ಲಿ ಅದು ಸ್ವಲ್ಪ ದೊಡ್ಡದಾಗಿತ್ತು. ಬನ್ನಿ ಹಬ್ಬದ ಹೊತ್ತಿಗೆ ಮಲ್ಲಣ್ಣ ಕಲ್ಲು ಮುಟ್ಟಿಸಿಕೊಳ್ಳುವಾಗ ಮುಖ ಹಿಂಡತೊಡಗಿದ್ದ. ಖಾರ ಹೆಚ್ಚು ತಿಂದಿರಬೇಕೆಂದೆವು. ಆಮೇಲಿನ ಭಾನುವಾರ, ಹೊಳೆಯಲ್ಲಿ ತನಗೆ ಸಿಕ್ಕ ಒಂದು ಉದ್ದನೆಯ ಚೂರನ್ನು ಅವನು ಪರೀಕ್ಷೆ ಮಾಡದೆ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ನೋವು ಕಡಿಮೆಯಾದ ಮೇಲೆ ನೋಡುತ್ತೇನೆಂದ.

ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಎಂದರು. ಅರ್ಧಕ್ಕಿಂತ ಹೆಚ್ಚು ನಾಲಿಗೆ ಕತ್ತರಿಸಿ ತೆಗೆದು, ಮುಂಗೈಯ ಚರ್ಮ-ಮಾಂಸ ತಂದು ಅಲ್ಲಿ ಹೊಲಿದರು. ನೋಡಲು ಹೋದಾಗ ಅವನ ಹೆಂಡತಿ ಗಂಗಕ್ಕ ನಳಿಗೆಯಿಂದ ಗಂಜಿ ಹಾಕುತ್ತಿದ್ದಳು. ಮಾತು ಬರುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆ ತಲೆದಿಂಬಿನ ಕೆಳಗೆ ಒಂದು ಪಾಕೆಟ್ ನೋಟಬುಕ್ಕು. ನನ್ನನ್ನು ನೋಡಿ ಬರೆದ: "ಮಾಸ್ತರ, ಮುಂಗೈ ಮ್ಯಾಲಿನ ಕೂದಲಾ ಈಗ ಬಾಯಾಗ ಬೆಳ್ಯಾಕತ್ತಾವು." ನಾನು ನಗಬೇಕಿತ್ತು. ಕಿಟಕಿಯ ಕಡೆ ತಿರುಗಿ ನಿಂತೆ.

ಆ ಮೇಲೆ ಬಳಗದಲ್ಲಿ ಯಾರೂ ಕಲ್ಲಿಗೆ ನಾಲಿಗೆ ಮುಟ್ಟಿಸಲಿಲ್ಲ. ಹೊಳೆಗೆ ಹೋಗುತ್ತಿದ್ದೆವು, ತರುತ್ತಿದ್ದೆವು, ಒರೆಸಿ ಪೇರಿಸಿಡುತ್ತಿದ್ದೆವು. ಮನೆಯಲ್ಲಿ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನ ನಾಲಿಗೆ ಕಂಡರೆ ಶ್ರಾವಣದ ಆ ಮಾತು ನೆನಪಾಗುತ್ತಿತ್ತು. ಆ ತಿಂಗಳೇ ಹೋಗಿ ತೋರಿಸಿದ್ದರೆ ಚಿಕ್ಕದರಲ್ಲಿ ಮುಗಿಯುತ್ತಿತ್ತೇನೋ. ಅವನಿಗೆ ಇದನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಹೊರಟೆ. ಹುಬ್ಬಳ್ಳಿಯ ಬಸ್ಸು ಹತ್ತಿದವನು ನವನಗರದಲ್ಲೇ ಇಳಿದು ಧಾರವಾಡಕ್ಕೆ ತಿರುಗಿ ಬಂದದ್ದೂ ಉಂಟು. ಅಂಥ ಹೇಡಿ ನಾನು.

ಮರುವರ್ಷ ಯುಗಾದಿ ಮುಗಿದ ಮೇಲೆ ಮಲ್ಲಣ್ಣ ತಾನೇ ಅಟ್ಟ ಹತ್ತಿ ಬಂದ. ಮೈ ಅರ್ಧವಾಗಿತ್ತು. ಕರವಸ್ತ್ರ ಬಿಚ್ಚಿ ಆ ಉದ್ದನೆಯ ಚೂರನ್ನು ನನ್ನ ಮುಂದಿಟ್ಟ. ಹೊಸ ನಾಲಿಗೆಗೆ ಬಿಸಿಯೂ ಗೊತ್ತಾಗುತ್ತಿರಲಿಲ್ಲ, ತಂಪೂ ಇಲ್ಲ. ನೋಟಬುಕ್ಕಿನಲ್ಲಿ ಬರೆದು ತೋರಿಸಿದ: "ನೀವ ನೋಡಿ ಹೇಳ್ರಿ." ಬಳಗದಲ್ಲೇ ಕೆಟ್ಟ ನಾಲಿಗೆ ನನ್ನದೆಂದು ಎಲ್ಲರಿಗಿಂತ ಚೆನ್ನಾಗಿ ಅವನಿಗೆ ಗೊತ್ತು. ನನ್ನನ್ನೇ ಯಾಕೆ ಆರಿಸಿದನೋ ಇವತ್ತಿಗೂ ತಿಳಿದಿಲ್ಲ.

ಕಲ್ಲು ಬಾಯಿಯ ಹತ್ತಿರ ತಂದೆ. ಅವನು ಕೈ ಹಿಡಿದು ತಡೆದ. ಮೊಬೈಲಿನ ಬ್ಯಾಟರಿ ಬೆಳಕು ಹಚ್ಚಿ ಬಾಯಿ ತೆರೆಯಲು ಸನ್ನೆ ಮಾಡಿದ. ಚಹಾದ ಚಮಚೆಯ ಹಿಡಿಕೆಯಿಂದ ನನ್ನ ನಾಲಿಗೆಯನ್ನು ಅತ್ತ ಸರಿಸಿ, ಇತ್ತ ಸರಿಸಿ, ಎತ್ತಿ ಅಡಿಯಲ್ಲಿ ಬೆಳಕು ಬಿಟ್ಟು, ಕಾಳು ಆರಿಸುವವನ ಹಾಗೆ ನೋಡಿದ. ಬಾಯಲ್ಲಿ ಚಮಚೆ ಇದ್ದಾಗ ಮನುಷ್ಯ ಮಾತಾಡಲಾರ, ಅಳಬಲ್ಲ. ನಾನು ಅತ್ತೆ. ಚಮಚೆ ತೆಗೆದೊಡನೆ ಬಾಯಿಂದ ಬಂದದ್ದು ಅದೇ.

"ಮಲ್ಲಣ್ಣಾ, ಶ್ರಾವಣದಾಗ ನಾ ಅದನ್ನ ಕಂಡಿದ್ದೆ. ಕಂಡು ನಕ್ಕಿದ್ದೆ."

ಅವನು ಚಮಚೆ ಒರೆಸಿ ಕೆಳಗಿಟ್ಟ. ಆಮೇಲೆ ಬರೆದ: "ನನಗೂ ದಿನಾ ಕನ್ನಡ್ಯಾಗ ಕಾಣತಿತ್ತು. ತಂಬಾಕದ ಸುಣ್ಣಾ ಅಂದ್ಕೊಂಡಿದ್ದೆ. ಈಗ ಕಲ್ಲ ನೋಡ್ರಿ."

ನಾಲಿಗೆಗೆ ಮುಟ್ಟಿಸಿದೆ. ಅಂಟಲಿಲ್ಲ. ಬಾಯಿ ಒಣಗಿದೆಯೆಂದು ನೀರು ಕುಡಿದು ಮತ್ತೆ ಮುಟ್ಟಿಸಿದೆ. ಬೇರೆ ತುದಿಯಿಂದಲೂ ನೋಡಿದೆ. ಅವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಎಲುಬು ಎಂದು ಹೇಳಿಬಿಡುವುದು ಎಷ್ಟು ಸುಲಭವಿತ್ತು! ಮೇಡಂ ಕೂಡ ಕಣ್ಣಿನಲ್ಲೇ ಹಾಗೆ ಹೇಳೆಂದು ಸೂಚಿಸಿದರು. ಕಂಡದ್ದನ್ನು ಕಂಡಂತೆ ಹೇಳದೆ ಒಮ್ಮೆ ಎಲ್ಲರನ್ನೂ ನಗಿಸಿದವನು ನಾನು, ಮತ್ತೊಮ್ಮೆ ನನ್ನಿಂದಾಗಲಿಲ್ಲ.

"ಅಂಟವಲ್ದು, ಮಲ್ಲಣ್ಣಾ. ಕಲ್ಲೈತಿ."

ಅವನು ತಲೆಯಾಡಿಸಿದ. ಚೀಟಿ ತೆಗೆದುಕೊಂಡು ತನ್ನ ಹೆಸರು, ಸಿಕ್ಕ ಜಾಗ, ಕೆಳಗೆ ದುಂಡಗಿನ ಅಕ್ಷರದಲ್ಲಿ "ಕಲ್ಲು" ಎಂದು ಬರೆದು ಚೂರಿಗೆ ಅಂಟಿಸಿ ನನ್ನ ಕೈಗೆ ಕೊಟ್ಟ. ಹೋದ ಚಳಿಗಾಲದಲ್ಲಿ ಕುತ್ತಿಗೆಯಲ್ಲಿ ಮತ್ತೆ ಗಂಟು ಎದ್ದು ಮಲ್ಲಣ್ಣ ತೀರಿಕೊಂಡ. ಲಿಂಗಾಯತರ ಪದ್ಧತಿಯಂತೆ ಕೂಡಿಸಿಯೇ ಮಣ್ಣು ಮಾಡಿದರು. ವಿಭೂತಿ ಹಾಕುವಾಗ ನನಗೆ ಬರಬಾರದ ಯೋಚನೆಯೆಲ್ಲ ಬಂತು. ಹತ್ತಿಪ್ಪತ್ತು ಸಾವಿರ ವರ್ಷದ ಮೇಲೆ ಯಾವುದೋ ಬಳಗದವರು ಈ ನೆಲ ಅಗೆದರೆ ಅವನ ಎಲುಬು ಅವರ ನಾಲಿಗೆಗೆ ಗಪ್ಪನೆ ಅಂಟೀತು, ಆದರೆ ನಾಲಿಗೆ ಎಂಥದಿತ್ತೆಂದು ಅವರಿಗೆ ತಿಳಿಯುವುದೇ ಇಲ್ಲ. ನಾಲಿಗೆ ಯಾರದ್ದೂ ಕಲ್ಲಾಗುವುದಿಲ್ಲ.

ಮಲ್ಲಣ್ಣ ನನ್ನ ಬಾಯಿ ನೋಡಿದ ದಿನದಿಂದ, ಕಲ್ಲು ಮುಟ್ಟಿಸುವ ಮೊದಲು ಒಬ್ಬರ ಬಾಯಿ ಇನ್ನೊಬ್ಬರು ನೋಡುವುದು ನಮ್ಮಲ್ಲಿ ರೂಢಿಯಾಗಿತ್ತು. ಹೋದ ತಿಂಗಳು ಹೊಳೆಯಿಂದ ಬಂದ ಮೇಲೆ ಮೇಡಂ ಬ್ಯಾಟರಿ ಹಿಡಿದು ನನ್ನ ಬಾಯಿ ನೋಡುತ್ತಿದ್ದವರು ಬೆಳಕನ್ನು ಇನ್ನೂ ಹತ್ತಿರ ತಂದರು. ನಾಲಿಗೆಯ ಅಂಚಿನಲ್ಲಿ ಬಿಳಿ. ಯಾರೂ ಚೇಷ್ಟೆ ಮಾಡಲಿಲ್ಲ. ಮರುದಿನ ಬೆಳಿಗ್ಗೆಯೇ ಧಾರವಾಡದಲ್ಲಿ ಡಾಕ್ಟರ ಮುಂದೆ ಕೂತೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹತ್ತಿಬಟ್ಟೆಯ ತುಂಡು ತೆಗೆದುಕೊಂಡು ನಾಲಿಗೆಯನ್ನು ಒಮ್ಮೆ ಒರೆಸಿದಳು. ಬಿಳಿ ಬಟ್ಟೆಗೆ ಬಂತು.

"ಬಾಯಾಗ ಬಿಳೇ ಬೂಷ್ಟ ಬೆಳದಿತ್ತ ಅಷ್ಟ," ಅಂದಳು. "ಒರಸಿದ್ರ ಹೋಗೂದಕ್ಕ ಇಷ್ಟ ಅಂಜಬ್ಯಾಡ್ರಿ. ಒರಸಿದ್ರೂ ಹೋಗಲಾರದ್ದು ಇದ್ರ ಮಾತ್ರ ತಡಾ ಮಾಡಬಾರದು."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಉಳಿದೆನೆಂದು ಸಂತೋಷಪಡಬೇಕಿತ್ತು. ಜೇಬಿಗೆ ಕೈ ಹಾಕಿದರೆ ಧೋತರದ ತುಂಡು ಸಿಕ್ಕಿತು. ಶ್ರಾವಣದ ಆ ಭಾನುವಾರ ಮಲ್ಲಣ್ಣ ಕಿಟಕಿಯ ಬೆಳಕಿಗೆ ನಾಲಿಗೆ ಚಾಚಿ ಕೂತಿದ್ದಾಗ, ಸುತ್ತ ಬಗ್ಗಿದ್ದ ನಮ್ಮ ಆರೂ ಜನರ ಹತ್ತಿರ ಇಂಥದೊಂದು ತುಂಡಿತ್ತು. ಸಿಕ್ಕಿದ ಕಲ್ಲನ್ನೆಲ್ಲ ಒರೆಸಿದ್ದೆವು.

ಈಗ ಬಳಗದಲ್ಲಿ ಮೊದಲು ನಾಲಿಗೆ, ಆಮೇಲೆ ಕಲ್ಲು. ಬ್ಯಾಟರಿ ನನ್ನ ಕೈಯಲ್ಲಿರುತ್ತದೆ. ಹೊಸಬರು ಬಂದರೆ ಈ ಮುದುಕ ಮಾಸ್ತರನ ಅವತಾರ ನೋಡಿ ಬಾಯಿ ತುಂಬ ನಗುತ್ತಾರೆ. ನಗಲಿ. ನಗುವಾಗ ಬಾಯಿ ಚೆನ್ನಾಗಿ ತೆರೆಯುತ್ತದೆ, ನಾನು ನೋಡುತ್ತೇನೆ.