ಒಣಗದ ಸೀರೆ ಉಟ್ಟು ಸಮುದ್ರಕ್ಕೆ ಹೋದದ್ದು

ಕೊನೆಯ ಸಾದಾ ದಿನ ನಾನು ಮತ್ತು ನನ್ನ ಅಕ್ಕ ಬಟ್ಟೆ ಒಗೆದೆವು. ಮೇ ತಿಂಗಳ ಕೊನೆ. ಹೊನ್ನಾವರದ ಆಚೆ, ಸಮುದ್ರ ದಂಡೆಯ ಒಂದು ಸಣ್ಣ ಊರಿನಲ್ಲಿ ಬಾಡಿಗೆಗೆ ಹಿಡಿದ ಕೋಣೆಯ ಹಿತ್ತಲು.

ಅಕ್ಕ ಇಳಕಲ್ಲಿನಲ್ಲಿ ಸೀರೆ ನೇಯುವವಳು, ನಾನು ಹುನಗುಂದದಲ್ಲಿ ರವಿಕೆ ಹೊಲಿಯುವವಳು. ಅವಳ ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಯ ನೂಲು, ಮುಗಿದಿತ್ತು. ಹೊಸ ಹಾಸಿನ ಎಳೆಗಳಿಗೆ ಗಂಜಿ ಹಚ್ಚಿ ಒಣಗಿಸಿ ತರುವವರೆಗೆ ಮಗ್ಗ ಖಾಲಿ. ಆ ಬಿಡುವಿನಲ್ಲಿ ಸಮುದ್ರ ನೋಡಿ ಬರುತ್ತೇನೆಂದು ಓಣಿಗೆಲ್ಲ ಸಾರಿದ್ದಳು. ನಮ್ಮಿಬ್ಬರಲ್ಲಿ ಯಾರೂ ಅಲ್ಲಿಯವರೆಗೆ ಸಮುದ್ರ ಕಂಡಿರಲಿಲ್ಲ. ನೋಡುವುದಕ್ಕಿಂತ ಬಂದು ಹೇಳುವುದೇ ಅವಳಿಗೆ ಮುಖ್ಯವಾಗಿತ್ತು. ಸಂತೆಗೆ ಹೋಗಿ ಬಂದರೂ ಅವಳ ಕಟ್ಟೆಯ ಮೇಲೆ ಹೆಂಗಸರು ಸೇರುತ್ತಿದ್ದರು. ಮೆಣಸಿನಕಾಯಿ ಕೊಂಡ ಮಾತನ್ನೇ ಅಷ್ಟು ಚೆಂದ ಹೇಳುತ್ತಿದ್ದಳು.

ದಾರಿಯಲ್ಲಿ ಎಣಗಾಯಿ ಡಬ್ಬಿಯ ಮುಚ್ಚಳ ಸಡಿಲಾಗಿ ಬದನೆಕಾಯಿಯ ಎಣ್ಣೆಯೆಲ್ಲ ಚೀಲದಲ್ಲಿದ್ದ ಸೀರೆಗಳಿಗೆ ಇಳಿದಿತ್ತು. ಉಟ್ಟ ಸೀರೆಗಳಿಗೆ ಧೂಳು. ಎಲ್ಲವನ್ನೂ ಒಗೆದು ಹಗ್ಗಕ್ಕೆ ಹಾಕಿ ನೈಟಿಯಲ್ಲಿ ಕುಳಿತೆವು.

"ಮುಂಜಾನಿ ತನಕ ಯಾಕ, ಚಹಾ ಕುಡಿಯೂದ್ರಾಗ ಒಣಗ್ತಾವು" ಎಂದಳು ಅಕ್ಕ.

ನಮ್ಮ ಕಡೆ ಮೇ ತಿಂಗಳಲ್ಲಿ ಸೀರೆಯ ಒಂದು ತುದಿ ಹಗ್ಗಕ್ಕೆ ಹಾಕಿ ಇನ್ನೊಂದು ತುದಿ ಹಿಡಿಯುವುದರೊಳಗೆ ಮೊದಲ ತುದಿ ಒಣಗಿರುತ್ತದೆ. ಇಲ್ಲಿ ಬೆಳಗಾದರೂ ಸೀರೆಗಳು ತೊಟ್ಟಿಕ್ಕುತ್ತಿದ್ದವು. ಅಕ್ಕ ಒಂದೊಂದನ್ನೂ ಮುಟ್ಟಿ ನೋಡಿದಳು, ಝಾಡಿಸಿದಳು, ಬಾಯಿಂದ ಊದಿಯೂ ನೋಡಿದಳು.

ಮನೆಯ ಒಡತಿ ಬಾಗಿಲಲ್ಲಿ ನಿಂತು ನಕ್ಕರು. "ಇಲ್ಲಿ ಈಗ ಎಂತ ಒಣಗ್ತದೆ ಮಾರಾಯ್ತಿ? ಗಾಳಿಯೇ ಒದ್ದೆ."

ತಿನ್ನೋಣವೆಂದು ಕಟಕ ರೊಟ್ಟಿಯ ಗಂಟು ಬಿಚ್ಚಿದೆ. ಊರಲ್ಲಿ ಮುರಿದರೆ ಟಕ್ಕೆನ್ನುವ ರೊಟ್ಟಿ ಕೈಯಲ್ಲಿ ಕರವಸ್ತ್ರದಂತೆ ಮಡಚಿಕೊಂಡಿತು. ಅಕ್ಕ ಅದರ ಎರಡು ತುದಿ ಹಿಡಿದು ಎತ್ತಿ ತೋರಿಸಿದಳು. "ಇದನ್ನೂ ಹಿಂಡಿ ಹಗ್ಗಕ್ಕ ಹಾಕ್ಲೇನಬೇ?"

ನನಗೆ ನಗು ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ಒಡತಿ ಫೋನು ನೋಡಿ ಹೇಳಿದರು. ಕರಾವಳಿಗೆ ಭಾರಿ ಮಳೆಯ ಎಚ್ಚರಿಕೆ ಬಂದಿದೆ, ದೋಣಿಗಳನ್ನೆಲ್ಲ ಮೇಲೆಳೆದಿದ್ದಾರೆ, ಮಳೆ ಸುರುವಾದರೆ ದಂಡೆಗೆ ಯಾರನ್ನೂ ಬಿಡುವುದಿಲ್ಲ.

"ಅದ್ರಾಗ ನಮ್ಮೂರಿಗೂ ಮಳಿ ಅಂತ ಬರ್ತೈತ್ರಿ. ಒಂದ್ ಹನಿ ಬೀಳೂದಿಲ್ಲ" ಎಂದಳು ಅಕ್ಕ.

"ಇದು ನಿಮ್ಮೂರಲ್ಲ. ಮಧ್ಯಾಹ್ನದೊಳಗೆ ಬರ್ತದೆ."

ನಮ್ಮ ಬಸ್ಸೂ ಮಧ್ಯಾಹ್ನವೇ. ಅಕ್ಕ ಹಗ್ಗದ ಮೇಲಿನ ಸೀರೆಗಳನ್ನು ನೋಡಿದಳು. ನೈಟಿಯಲ್ಲಿ ಬೀದಿಗಿಳಿಯುವವಳಲ್ಲ. ಸಮುದ್ರದ ಬಾಗಿಲಿಗೆ ಬಂದು, ನೋಡದೆ ತಿರುಗಿ ಹೋಗಿ, ಓಣಿಗೆ ಏನೆಂದು ಹೇಳುವುದು? ಆಮೇಲೆ ಅವಳ ಮುಖ ಅರಳಿತು.

"ಏ ಹುಚ್ಚಿ, ಸಮುದ್ರಕ್ಕ ಹೋದ್ರ ಸೀರಿ ತೊಯ್ತೈತಿಲ್ಲೋ? ಮತ್ತ ಒಣಗಿದ್ದ ಯಾಕ ಬೇಕು?"

ಹೀಗೆ ನಾವು ತೊಯ್ದ ಸೀರೆ ಉಟ್ಟು ಬೀದಿಗೆ ಬಂದೆವು. ನೆರಿಗೆ ಕಾಲಿಗೆ ಅಂಟುತ್ತಿತ್ತು, ಸೆರಗಿನಿಂದ ನೀರು ಸೋರುತ್ತಿತ್ತು, ಹಿಂದೆ ರಸ್ತೆಯ ಮೇಲೆ ನಮ್ಮದೇ ಒಂದು ಒದ್ದೆ ಗೆರೆ. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು ನೋಡಿದಳು. "ಸಮುದ್ರದಿಂದ ಬಂದದ್ದಾ, ಹೋಗೂದಾ?"

"ಹೊಂಟೀವ್ರಿ!" ಎಂದಳು ಅಕ್ಕ, ಮದುವೆಗೆ ಹೊರಟವಳ ಗತ್ತಿನಲ್ಲಿ.

ದಂಡೆಯಲ್ಲಿ ಕಾವಲಿನವನು ಹಗ್ಗ ಕಟ್ಟುತ್ತಿದ್ದ. ಅದರಾಚೆ ಸಮುದ್ರ ಬೂದು ಬಣ್ಣಕ್ಕಿತ್ತು, ಮೇಲಿನ ಮೋಡವೂ ಅದೇ ಬಣ್ಣ.

"ಅಮ್ಮಾ, ನೀರಿಗೆ ಇಳಿಯುವ ಹಾಗಿಲ್ಲ. ಅಲೆ ಜೋರುಂಟು."

"ಇಳ್ಯಂಗಿಲ್ಲೋ ಯಪ್ಪಾ. ನಾ ಇಲ್ಲೇ ನಿಂದರ್ತೇನಿ. ಅದಕ್ಕ ಬೇಕಿದ್ರ ಅದು ಬರ್ಲಿ."

ಅವನು ನಕ್ಕು, ಹಗ್ಗದ ಈಚೆಗೇ ನಿಲ್ಲಿ, ಐದೇ ನಿಮಿಷ ಎಂದ. ಅಕ್ಕ ನನ್ನ ಮುಂಗೈ ಹಿಡಿದು ನಿಂತಳು. ಎರಡು ಅಲೆ ಅರ್ಧ ದಾರಿಗೇ ವಾಪಸಾದವು. ಮೂರನೆಯದು ಹಗ್ಗದ ಕೆಳಗೆ ನುಗ್ಗಿ ನಮ್ಮ ಮೊಣಕಾಲಿಗೇ ಬಡಿಯಿತು.

"ಯವ್ವಾ! ಕಾಲ ಕೆಳಗಿನ ಉಸುಕು ಹೊಂಟೈತಿ! ಹಿಡಿ ನನ್ನ!"

ಹಿಡಿದೆ. ಇಬ್ಬರೂ ಕೂಡಿಯೇ ಕುಸಿದು ಕುಳಿತೆವು. ಬಾಯಿಗೆ ಉಪ್ಪು, ಕಣ್ಣಿಗೆ ಉಪ್ಪು. ಕಾವಲಿನವನು ಸೀಟಿ ಊದುತ್ತಿದ್ದ. ಅಕ್ಕ ಸೀಟಿಗೆ ತಾಳ ಹಾಕುವಂತೆ ಚಪ್ಪಾಳೆ ತಟ್ಟುತ್ತಿದ್ದಳು.

ಏಳುವುದರೊಳಗೆ ಮಳೆ ಬಿತ್ತು. ನಮ್ಮಲ್ಲಿ ಮಳೆಗೆ ಮೊದಲು ಧೂಳಿನ ಗಾಳಿ ಎದ್ದು, ಕಿಟಕಿ ಬಡಿದು, ಬೀದಿಯಲ್ಲಿ ಹರವಿದ ಹಾಸು ಎತ್ತಿಕೊಳ್ಳಲು ಸ್ವಲ್ಪ ಹೊತ್ತು ಸಿಗುತ್ತದೆ. ಇಲ್ಲಿ ಒಮ್ಮೆಲೇ ಸುರಿಯಿತು. ಸಮುದ್ರ ಯಾವುದು, ಆಕಾಶ ಯಾವುದು ತಿಳಿಯಲಿಲ್ಲ. ಓಡಿ ದೋಣಿ ಇಡುವ ಚಪ್ಪರದಡಿ ನಿಂತೆವು. ಚಳಿಯಿರಲಿಲ್ಲ, ನಗುವಿಗೇ ಮೈ ನಡುಗುತ್ತಿತ್ತು. ಸ್ವಲ್ಪ ಸುಧಾರಿಸಿದರೆ ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ಸುರು.

"ಬದನಿಕಾಯಿಂದ ಸುರು ಮಾಡ್ತೇನಿ ನೋಡು" ಎಂದಳು ಅಕ್ಕ. "ನೀ ನಡುವ ಬಾಯಿ ಹಾಕಬ್ಯಾಡ. ನೀ ಹೇಳಿದ್ರ ಗ್ರಾಮಸಭಾದಾಗ ವರದಿ ಓದಿದಂಗ ಇರ್ತೈತಿ."

"ನಾ ಯಾಕ ಹೇಳ್ಲಿ? ನಿನ್ನ ಸಮುದ್ರ, ನೀನ ಹೇಳು."

ಬಸ್ಸಿನಲ್ಲಿ ಕಂಡಕ್ಟರ್ ನಮ್ಮನ್ನು ಹಿಂದಿನ ಸೀಟಿಗೆ ಕಳಿಸಿದ. ಘಟ್ಟ ಹತ್ತಿ, ಹುಬ್ಬಳ್ಳಿ ದಾಟಿದ ಮೇಲೆ ಬಿಸಿಗಾಳಿ ಬಂತು. ಅಕ್ಕ ಸೆರಗಿನ ತುದಿಯನ್ನು ಕಿಟಕಿಯ ಗಾಳಿಗೆ ಹಿಡಿದು, "ಬಂತು ನಮ್ಮೂರು" ಎಂದಳು. ಮರುದಿನ ಸಂಜೆ ಕಟ್ಟೆಗೆ ಬರಲು ದಾರಿಯಿಂದಲೇ ಎಲ್ಲರಿಗೂ ಫೋನು ಮಾಡಿ ಹೇಳಿದಳು. ಹೇಗಿತ್ತು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಈಗ ಹೇಳಂಗಿಲ್ಲ."

ಮರುದಿನ ಬೆಳಗ್ಗೆ ಹೊಸ ಹಾಸಿನ ಎಳೆ ಕೂಡಿಸಲು ಮಗ್ಗದ ಮುಂದೆ ಕುಳಿತವಳು ಎದೆ ಹಿಡಿದುಕೊಂಡಳಂತೆ. ನೆರೆಯವರು ಗಾಡಿಯಲ್ಲಿ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದರು. ಹುನಗುಂದದಿಂದ ನಾನು ಅಲ್ಲಿಗೆ ಮುಟ್ಟಿದಾಗ ಎಲ್ಲ ಮುಗಿದಿತ್ತು.

ಸಂಜೆ ಹೆಂಗಸರು ಬಂದರು. ಕಟ್ಟೆಗೆ ಬನ್ನಿ ಎಂದು ಅವಳು ಕರೆದವರೇ.

ಹದಿನೈದು ದಿನ ಕಳೆದ ಮೇಲೆ ಅವರಲ್ಲೊಬ್ಬಾಕೆ ಅಕ್ಕನ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು ಮೆಲ್ಲಗೆ ಕೇಳಿದಳು, "ಸಮುದ್ರ ನೋಡಿದ್ಳೇನಬೇ ನಿಮ್ಮಕ್ಕ?"

ನೋಡಿದಳು ಎಂದೆ. ಆಕೆ ಕಾಯುತ್ತಲೇ ಇದ್ದಳು, ಅದಕ್ಕೆ ಹೇಳಿದೆ. ಬದನೆಕಾಯಿಯಿಂದಲೇ ಸುರು ಮಾಡಿದೆ. ಒದ್ದೆ ಸೀರೆ, ಮೀನಿನ ಹೆಂಗಸು, ಹಗ್ಗ, ಸೀಟಿ ಎಲ್ಲವನ್ನೂ ನಡೆದ ಹಾಗೇ ಹೇಳಿದೆ. ಆಕೆ ಕಣ್ಣೊರೆಸಿಕೊಂಡು, "ಹೌದೇನವಾ" ಎಂದಳು. ನಗಲಿಲ್ಲ. ರೊಟ್ಟಿಯ ಮಾತಿಗೂ ನಗಲಿಲ್ಲ. ಅಕ್ಕನಾಗಿದ್ದರೆ ಎದ್ದು ನಿಂತು ಕಾವಲಿನವನ ದನಿ ಮಾಡುತ್ತಿದ್ದಳು, ಅಲೆ ಎಷ್ಟೆತ್ತರವೆಂದು ಕೈಯೆತ್ತಿ ತೋರಿಸುತ್ತಿದ್ದಳು, ನಾನು ಬಿದ್ದದ್ದನ್ನು ಎರಡು ಸಲ ಹೇಳುತ್ತಿದ್ದಳು.

ಆಮೇಲೂ ಒಬ್ಬಿಬ್ಬರು ಕೇಳಿದ್ದಾರೆ, ಹೇಳಿದ್ದೇನೆ. ನಡೆದದ್ದೆಲ್ಲ ಈಗ ಓಣಿಗೆ ಗೊತ್ತು. ಅಕ್ಕ ಹೇಳಬೇಕಿದ್ದ ಕತೆಯನ್ನು ಮಾತ್ರ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ.