ಬಾಣಂತಿ ಕೋಣೆಯ ಕಿಟಕಿ

ಯಾರ ಮನೆಗೆ ಹೋದರೂ ಕೂರುವ ಮೊದಲು ಕಿಟಕಿ ತೆರೆಯುವ ದುರಭ್ಯಾಸವೊಂದು ನನಗಿದೆ. ಕೆ.ಆರ್. ನಗರದ ವಿದ್ಯಾರ್ಥಿನಿಲಯದಲ್ಲಿ ಓದುವಾಗ, ಸೂರ್ಯನಿಗಿಂತ ಮೊದಲು ಎದ್ದು ಕಿಟಕಿ ತೆಗೆಯದವನಿಗೆ ಉಪ್ಪಿಟ್ಟು ಸಿಗುತ್ತಿರಲಿಲ್ಲ. ಆಮೇಲೆ ಹುಣಸೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರಾಗಿ, ಶೀಟಿ ಊದಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಅಟ್ಟುತ್ತಲೇ ನಿವೃತ್ತನಾದೆ. ಶೀಟಿ ಹೋಯಿತು, ಶಿಸ್ತು ಉಳಿಯಿತು. ಸ್ವರ್ಗಕ್ಕೆ ಸೇರಿಸಿದರೂ ಇವರು ಮೊದಲು ಅಲ್ಲಿನ ಕಿಟಕಿಯ ಚಿಲಕಕ್ಕೇ ಕೈ ಹಾಕುತ್ತಾರೆ ಎಂಬುದು ನನ್ನ ಹೆಂಡತಿಯ ಖಚಿತ ಅಭಿಪ್ರಾಯ. ಅಲ್ಲಿಗೆ ಹೋಗುವ ಮುಂಚೆ ಇಲ್ಲಿನ ಒಂದು ಕಿಟಕಿಯ ಸಂಗತಿಯನ್ನು ನಿಮಗೆ ಹೇಳಬೇಕು.

ಪಿರಿಯಾಪಟ್ಟಣದಲ್ಲಿ ನಮ್ಮ ಎದುರುಮನೆ ಜಯಮ್ಮನದು. ಮಗಳು ಲತಾ ಹೆರಿಗೆಗೆಂದು ತವರಿಗೆ ಬಂದಿದ್ದಳು, ಹೆಣ್ಣು ಕೂಸು. ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು ಕಾಯಿಸುವುದು ನಮ್ಮ ಕಡೆಯ ಪದ್ಧತಿ. ನಮ್ಮ ತಾಯಂದಿರೆಲ್ಲ ಹಾಗೆಯೇ ಮಲಗಿ ಎದ್ದವರು. ಆದರೆ ಅವರು ಮಲಗಿದ್ದು ಹೆಂಚಿನ ಮನೆಯಲ್ಲಿ. ಹೆಂಚಿನ ಸಂದುಗಳು ಕೆಟ್ಟ ಗಾಳಿಯನ್ನು ಯಾರಿಗೂ ಹೇಳದೆ ಹೊರಗೆ ಕಳಿಸುತ್ತಿದ್ದವು. ಜಯಮ್ಮನದು ಹೊಸ ತಾರಸಿ ಮನೆ. ಗಾಜಿನ ಕಿಟಕಿ ಬಿಗಿಯಾಗಿ ಕೂರುತ್ತಿತ್ತು. ಬಾಗಿಲಡಿಯ ಸಂದಿಗೂ ಅವಳು ಹಳೆಯ ಸೀರೆ ತುರುಕಿದ್ದಳು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಒಲೆಯಿಂದ ತಂದ ಕೆಂಡ, ಒಂದಿಷ್ಟೂ ಹೊಗೆಯಾಡದ್ದು.

ಕೂಸು ನೋಡಲು ಹೋದವನು ಅಭ್ಯಾಸಬಲದಿಂದ ಚಿಲಕಕ್ಕೆ ಕೈ ಹಾಕಿದೆ.

"ಆ ಕಿಟ್ಕಿ ನಿಮ್ಗೇನ್ ಮಾಡ್ತಣ್ಣ? ಬಾಣಂತಿಗೆ ಸೀತ ಆದ್ರೆ ನಿಮ್ಮ ಬಸ್ಸು ಬಂದು ಕಾಪಾಡ್ತದಾ?" ಎನ್ನುತ್ತಾ ಜಯಮ್ಮ ತಾನೇ ಬಂದು ಮುಚ್ಚಿದಳು. ಲತಾ ನಕ್ಕಳು, ನಾನೂ ನಕ್ಕೆ. ಕೆಂಡದ ವಿಷಯ ನನಗೂ ತಿಳಿದಿರಲಿಲ್ಲ; ನನ್ನದು ಬರೀ ಚಟ.

ಲತಾಳಿಗೆ ತಲೆನೋವು, ವಾಂತಿ ಶುರುವಾದಾಗ ದೃಷ್ಟಿಯಾಗಿದೆ ಎಂದರು. ಇನ್ನಷ್ಟು ಸಾಂಬ್ರಾಣಿ ಹಾಕಿ ಬಾಗಿಲನ್ನು ಇನ್ನಷ್ಟು ಭದ್ರ ಮಾಡಿದರು. ಬೆಳಿಗ್ಗೆ ಬಾಗಿಲು ತಳ್ಳಿದಾಗ ಲತಾಳಿಗೆ ಎಚ್ಚರವಿರಲಿಲ್ಲ. ಕೂಸಿಗೆ ಉಸಿರಿರಲಿಲ್ಲ.

ಕಾರಣ ಕೆಂಡದಿಂದ ಹುಟ್ಟಿದ ವಿಷಾನಿಲ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಅದರ ಇಂಗ್ಲಿಷ್ ಹೆಸರನ್ನೂ ಹೇಳಿದರಂತೆ. ತಿಂಗಳುಗಳ ಮೇಲೆ ಲತಾ ನಮ್ಮ ಜಗುಲಿಯಲ್ಲಿ ಕುಳಿತು ಹೇಳಿದಳು: "ಆ ಎಸ್ರು ನಂಗೆ ಗೊತ್ತಿತ್ತು ದೊಡ್ಡಪ್ಪ. ಬಣ್ಣ ಇಲ್ಲ, ವಾಸ್ನೆ ಇಲ್ಲ ಅಂತ ಪರೀಕ್ಷೇಲಿ ಬರ್ದಿದ್ದೆ. ನಮ್ಮವ್ವನ ಅಗ್ಗಿಷ್ಟಿಕೇಲೂ ಅದೇ ಇರ್ತದೆ ಅಂತ ಯಾರೂ ಯೋಳ್ನಿಲ್ಲ."

ಜೀವನ ಕೌಶಲವನ್ನು ಹೈಸ್ಕೂಲಿನ ಪಾಠವಾಗಿಸಬೇಕೆಂದು ದೊಡ್ಡವರು ದೊಡ್ಡ ಮಾತುಗಳಲ್ಲಿ ಹೇಳುವಾಗ ನನಗೆ ಹೊಳೆಯುವ ಅರ್ಥ ಇಷ್ಟೇ. ವಿದ್ಯೆ ಆ ಹುಡುಗಿಯ ಉತ್ತರಪತ್ರಿಕೆಯಲ್ಲಿತ್ತು, ಕೆಂಡ ಅವಳ ಮಂಚದ ಕೆಳಗಿತ್ತು. ಎರಡನ್ನೂ ಒಂದೇ ಕೋಣೆಗೆ ಕರೆತರುವವರು ಬೇಕಿತ್ತು.

ಹತ್ತಿರದ ಶಾಲೆಯೊಂದರ ವೇಳಾಪಟ್ಟಿಯಲ್ಲಿ ಜೀವನ ಕೌಶಲದ ಪಿರಿಯಡ್ ಶನಿವಾರ ಇದೆ, ನಡೆಯುವುದು ಗಣಿತ. "ಮಾರ್ಕ್ಸ್ ಇಲ್ದಿರೋ ಪಾಠಾನ ಯಾರು ಕೇಳ್ತಾರೆ ಸಾರ್?" ಎಂದರು ಹೆಡ್‌ಮೇಷ್ಟ್ರು. ಬಸ್ಸು ಬಿಡಿಸುವ ಹಳೆಯ ದನಿ ತೆಗೆದು ಒಂದು ಪಿರಿಯಡ್ ಗಿಟ್ಟಿಸಿದೆ. ಲತಾ ಖಾಲಿ ಅಗ್ಗಿಷ್ಟಿಕೆಯನ್ನು ಮೇಜಿನ ಮೇಲಿಟ್ಟು, ತನ್ನ ಮನೆಯಲ್ಲಿ ನಡೆದದ್ದನ್ನು ಕಣ್ಣೀರಿಲ್ಲದೆ ಹೇಳಿದಳು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅಕ್ಕ, ಇದು ಪರೀಕ್ಷೆಗೆ ಬತ್ತದಾ?"

"ನಂಗೆ ಬಂದಿತ್ತು ಕಣವ್ವ. ಸರಿಯಾಗೇ ಬರ್ದಿದ್ದೆ" ಎಂದು ಲತಾ ಅಗ್ಗಿಷ್ಟಿಕೆಯನ್ನು ಎತ್ತಿಕೊಂಡಳು.

ಮರು ಶನಿವಾರ ಮತ್ತೆ ಗಣಿತವೇ ನಡೆಯಿತಂತೆ.

ನಾನು ಈಗಲೂ ಬೆಳಕು ಹರಿಯುವ ಮೊದಲೇ ಕಿಟಕಿ ತೆರೆಯುತ್ತೇನೆ. ಆದರೆ ಬೀದಿಯಲ್ಲಿ ಮೊದಲಿಗ ನಾನಲ್ಲ. ನನ್ನ ಕೈ ಚಿಲಕ ಮುಟ್ಟುವ ಮುಂಚೆಯೇ ಎದುರುಮನೆಯ ಗಾಜಿನ ಕಿಟಕಿ ಸರಿಯುವ ಸದ್ದು ಕೇಳುತ್ತದೆ. ಲತಾ ಗಂಡನ ಮನೆಗೆ ಹೋಗಿಯಾಗಿದೆ. ಆ ಕೋಣೆಯಲ್ಲಿ ಮಂಚವೂ ಇಲ್ಲ, ಕೆಂಡವೂ ಇಲ್ಲ. ಆದರೂ ಜಯಮ್ಮ ದಿನವೂ ಬಂದು ತೆರೆಯುತ್ತಾಳೆ.